ಸೋದರಮಾವ ತಂದ ಮೂರು ಗಾಲಿ ಸೈಕಲ್

ವಿರೂಪಾಕ್ಷಿಯನ್ನು ಕಂಡರೆ ಸಾಕು, ಲಚ್ಚಿ ಎರಡೂ ಕೈಗಳನ್ನು ತಲೆಯ ಮೇಲೆ ಇಟ್ಟುಕೊಂಡುಬಿಡುತ್ತಿದ್ದಳು.

ಅದರಲ್ಲಿ ಅವಳ ತಪ್ಪೇನೂ ಇರಲಿಲ್ಲ. ಹೋದ ವರ್ಷ ಅವಳ ಜವಳ ಮಾಡಿದಾಗ, ಸೋದರಮಾವನ ತೊಡೆಯ ಮೇಲೆ ಕೂರಿಸಿಯೇ ಕೂದಲು ತೆಗೆಸಬೇಕೆಂದು ಹಿರಿಯರು ಹೇಳಿದರು. ವಿರೂಪಾಕ್ಷಿ ಹೊಸ ಪಂಚೆ ಉಟ್ಟು ಹೆಮ್ಮೆಯಿಂದ ಕೂತ. ತಲೆಗೆ ಕತ್ತಿ ತಾಗಿದೊಡನೆ ಮಗು ಕಿರುಚಿದ ಕಿರುಚಾಟಕ್ಕೆ ಓಣಿಯ ನಾಯಿಗಳೆಲ್ಲ ಊರ ಹೊರಗೆ ಹೋಗಿ ಕೂತವು. ಅವತ್ತೇ ಕಿವಿ ಚುಚ್ಚಿಸುವುದೂ ಆಗಬೇಕಿತ್ತು. ಮಗು ಉಸಿರು ಕಟ್ಟುವಷ್ಟು ಅತ್ತದ್ದರಿಂದ ಮುಂದೆ ನೋಡೋಣವೆಂದು ಬಿಟ್ಟರು. ಕತ್ತಿ ಹಿಡಿದವನು ಹಿಂದೆ ನಿಂತಿದ್ದ. ಅವನ ಮುಖವನ್ನು ಮಗು ನೋಡಲೇ ಇಲ್ಲ. ನೋಡಿದ್ದು ತನ್ನನ್ನು ಅಲುಗದಂತೆ ಹಿಡಿದಿದ್ದ ಮಾಮನ ಮುಖವನ್ನು. ಅಂದಿನಿಂದ ಅವಳ ಲೆಕ್ಕದಲ್ಲಿ ಕೂದಲು ಹೊತ್ತೊಯ್ದವನು ಅವನೇ.

ವಿರೂಪಾಕ್ಷಿ ಕುರುಗೋಡಿನವನು. ದಿನಾ ಬಸ್ಸಿನಲ್ಲಿ ಬಳ್ಳಾರಿಗೆ ಬಂದು, ಜೀನ್ಸ್ ಪ್ಯಾಂಟುಗಳ ಕಾಲಿನ ಅಂಚು ಮಡಿಚಿ ಹೊಲಿಯುವ ಕೆಲಸ ಮಾಡುತ್ತಿದ್ದ. ಮೂವತ್ತು ದಾಟಿದರೂ ಮದುವೆಯಾಗಿರಲಿಲ್ಲ. ತಂದೆ ತಾಯಿ ಇರಲಿಲ್ಲ. ತನ್ನವರೆಂದು ಇದ್ದವರು ಸಿರುಗುಪ್ಪಕ್ಕೆ ಕೊಟ್ಟ ಅಕ್ಕ ಮೀನಾಕ್ಷಿ, ಅವಳ ಒಬ್ಬಳೇ ಮಗಳು ಲಚ್ಚಿ. ಇಟ್ಟ ಹೆಸರು ನಾಗಲಕ್ಷ್ಮಿ. ಅಷ್ಟು ದೊಡ್ಡ ಹೆಸರು ಆ ಪುಟ್ಟ ಮೈಗೆ ಇನ್ನೂ ದೊಗಳೆಯಾಗುತ್ತಿತ್ತು. ಆ ಮಗು ತನ್ನನ್ನು ಕಂಡು ತಲೆ ಮುಚ್ಚಿಕೊಳ್ಳುವುದು ಅವನಿಗೆ ಅನ್ನದಲ್ಲಿ ಹಲ್ಲಿಗೆ ಸಿಕ್ಕ ಕಲ್ಲಿನಂತೆ ಆಗಿತ್ತು. ಫೋನಿನಲ್ಲಿ ಮುಖ ತೋರಿಸಿದರೂ ಅಷ್ಟೆ. ಅಲ್ಲಿ ಕೈಗಳು ತಲೆಗೆ ಏರುತ್ತಿದ್ದವು, ಇಲ್ಲಿ ಅವನ ನಗು ಇಳಿಯುತ್ತಿತ್ತು.

ಹೀಗಿರುವಾಗ ಅಕ್ಕನ ಫೋನು ಬಂತು.

“ಲೇ ವಿರೂಪಾಕ್ಷಿ, ಕೂಸಿಗೆ ಎರಡು ತುಂಬಿದ್ವು. ಮಂದಿ ಹುಡುಗರ ಮೂರು ಗಾಲಿ ಸೈಕಲ್ ಕಂಡ್ರ ಉಣ್ಣೋದು ಬಿಟ್ಟು ಓಡ್ತಾಳ. ಅಕಿಗೊಂದು ಸೈಕಲ್ ನೀನ ತಗೊಂಬಾ. ಸೈಕಲ್ ತಂದ ಮಾಮನ್ನ ಯಾರು ಬ್ಯಾಡ ಅಂತಾರ?”

“ಐತ್ವಾರ ತರ್ತೀನಕ್ಕಾ.”

“ಐತ್ವಾರ ಬ್ಯಾಡ. ಶುಕ್ರವಾರನ ಬಾ. ಹೊತ್ತು ಇಳಿಯೋದ್ರೊಳಗ ಬಂದಬಿಡು.”

ಶುಕ್ರವಾರವೇ ಏಕೆಂದು ವಿರೂಪಾಕ್ಷಿ ಕೇಳಲಿಲ್ಲ. ಅವನ ಕಣ್ಣ ಮುಂದೆ ಆಗಲೇ ಒಂದು ಚಿತ್ರ ಬಂದು ಕೂತಿತ್ತು. ಅಂಗಳದ ಆ ತುದಿಯಲ್ಲಿ ತಾನು ಕುಕ್ಕರಗಾಲಲ್ಲಿ ಕೂತಿದ್ದೇನೆ. ಈ ತುದಿಯಿಂದ ಲಚ್ಚಿ ಪೆಡಲು ತುಳಿಯುತ್ತ, ‘ಮಾಮಾ’ ಎಂದು ಕೂಗುತ್ತ, ತನ್ನ ಕಡೆಗೇ ಬರುತ್ತಿದ್ದಾಳೆ.

ಶುಕ್ರವಾರ ಕೆಲಸಕ್ಕೆ ರಜೆ ಹಾಕಿ ಬೆಳಿಗ್ಗೆಯೇ ಬ್ರೂಸ್‌ಪೇಟೆಗೆ ಬಂದ. ಇಕ್ಕಟ್ಟಾದ ಓಣಿಯೊಂದರಲ್ಲಿ ಜಯತೀರ್ಥ ಎಂಬವರ ಆಟಿಕೆ ಅಂಗಡಿ. ಹಣೆಗೆ ಅಂಗಾರ ಅಕ್ಷತೆ ಹಚ್ಚಿಕೊಂಡು, ಗೊಂಬೆಗಳ ನಡುವೆ ತಾವೂ ಒಂದು ಗೊಂಬೆಯಂತೆ ಕೂತಿದ್ದ ಜಯತೀರ್ಥರು ಮೊದಲ ಮಾತಿಗೇ ಅವನನ್ನು ಕಟ್ಟಿಹಾಕಿದರು.

“ಕೂಸಿನ ಕಾಲು ಎಷ್ಟು ಉದ್ದ ಅದ?”

“ಕಾಲು… ನೋಡಿಲ್ರಿ.”

“ಸ್ವಂತ ಅಕ್ಕನ ಮಗಳು ಅಂದ್ರಿ?”

“ಅಕಿ ಹತ್ರ ಬಿಟ್ಕೊಳ್ಳಂಗಿಲ್ರಿ.”

ಹೇಳುವಾಗ ವಿರೂಪಾಕ್ಷಿಗೆ ನಾಚಿಕೆಯಾಯಿತು. ಯಾರ ಯಾರದೋ ಕಾಲಿನ ಉದ್ದಕ್ಕೆ ಪ್ಯಾಂಟು ಮಡಿಚಿ ಹೊಲಿಯುವವನು ತಾನು. ಈ ಒಂದು ಜೊತೆ ಕಾಲಿನ ಅಳತೆ ಗೊತ್ತಿಲ್ಲ.

ಸಿರುಗುಪ್ಪಕ್ಕೆ ಫೋನು ಹಚ್ಚಿದ. ಎತ್ತಿದವಳು ಅಕ್ಕನ ಅತ್ತೆ ಕೊಟ್ರಬಸಮ್ಮ.

“ಟೇಪು ಎಲ್ಲಿ ಹುಡುಕಲಪಾ? ತಡಿ, ಲಟ್ಟಣಿಗಿ ಹಿಡಿದು ನೋಡ್ತೀನಿ… ಹಾಂ, ನಮ್ಮ ಲಟ್ಟಣಿಗಿಗಿಂತ ಎರಡು ಬೆರಳು ಕಮ್ಮಿ ಐತಿ.”

“ನಿಮ್ಮ ಲಟ್ಟಣಿಗಿ ಎಷ್ಟುದ್ದ ಐತ್ರಿ ಅತ್ತಿ?”

“ಲಟ್ಟಣಿಗಿ ಲಟ್ಟಣಿಗಿಯಷ್ಟ ಇರ್ತೈತಿ! ಅದಕೇನು ಬಾಲ ಇರ್ತೈತೇನು?” ಎಂದು ಕೊಟ್ರಬಸಮ್ಮ ಫೋನು ಇಟ್ಟಳು.

ವಿರೂಪಾಕ್ಷಿ ಪಕ್ಕದ ಪಾತ್ರೆ ಅಂಗಡಿಗೆ ಓಡಿದ. ಅಲ್ಲಿ ಲಟ್ಟಣಿಗೆಗಳು ಮದುವೆಗೆ ಬಂದ ನೆಂಟರಂತೆ ಒಂದೊಂದು ಎತ್ತರ, ಒಂದೊಂದು ದಪ್ಪ. ನೋಡಿ ಹಿಂದಕ್ಕೆ ಕೊಡುತ್ತೇನೆಂದರೆ ಅಂಗಡಿಯವನು ಒಪ್ಪಲಿಲ್ಲ. ನಡುಗಾತ್ರದ ಒಂದನ್ನು ಕೊಂಡು ತಂದು, ಸೈಕಲ್ಲಿನ ಸೀಟಿನಿಂದ ಪೆಡಲಿಗೆ ಹಿಡಿದು, ಎರಡು ಬೆರಳು ಕಳೆದು ನೋಡತೊಡಗಿದ. ಲಟ್ಟಣಿಗೆಯಿಂದ ಸೈಕಲ್ ಅಳೆಯುವ ಗಂಡಸನ್ನು ಕಂಡ ಮೇಲೆ ಬ್ರೂಸ್‌ಪೇಟೆಯ ಜನ ಸುಮ್ಮನೆ ಮುಂದೆ ಹೋಗುತ್ತಾರೆಯೇ?

“ರಬ್ಬರ್ ಗಾಲಿದು ತಗೊಳ್ರಿ, ಪ್ಲಾಸ್ಟಿಕ್ ಗಡಗಡ ಅಂತೈತಿ” ಎಂದ ಒಬ್ಬ.

“ಗಡಗಡ ಅನ್ನಬೇಕ್ರಿ, ಕೂಸು ಎಲ್ಲೈತಿ ಅಂತ ಗೊತ್ತಾಗ್ತೈತಿ” ಎಂದ ಇನ್ನೊಬ್ಬ.

ಕೂಸನ್ನು ಕಂಕುಳಲ್ಲಿ ಎತ್ತಿಕೊಂಡಿದ್ದ ಹೆಂಗಸೊಬ್ಬಳು ಮುಂದೆ ಬಂದಳು. “ನಮ್ಮ ಹುಡುಗಗೂ ಎರಡ ವರ್ಷ. ಕುಂದರಿಸಿ ನೋಡ್ರಿ, ಲಟ್ಟಣಿಗಿ ಯಾಕ?”

ವಿರೂಪಾಕ್ಷಿ ಮೆಚ್ಚಿದ್ದ ಕೆಂಪು ಸೈಕಲ್ಲಿನ ಮೇಲೆ ಹುಡುಗನನ್ನು ಕೂರಿಸಿದರು. ಕಾಲು ಪೆಡಲಿಗೆ ಸರಿಯಾಗಿ ಕೂತವು. ಹುಡುಗನೂ ಸರಿಯಾಗಿ ಕೂತ. ಎಷ್ಟು ಸರಿಯಾಗಿ ಕೂತನೆಂದರೆ, ಇಳಿಸಲು ಹೋದಾಗ ಸೈಕಲ್ಲೂ ಅವನ ಜೊತೆಗೇ ಮೇಲಕ್ಕೆ ಬಂತು. ವಿರೂಪಾಕ್ಷಿ ಮೆಲ್ಲಗೆ ಅವನ ಬೆರಳು ಬಿಡಿಸಲು ನೋಡಿದ. ಹುಡುಗ ಬಾಯಿ ತೆರೆದ. ಓಣಿಯ ಅತ್ತಲಿಂದ ಯಾರೋ ಗದರಿಸಿದರು:

“ಏ ಯಪ್ಪಾ, ಸಣ್ಣ ಹುಡುಗನ ಸೈಕಲ್ ಕಸಗೊಂತಿಯಲ್ಲ, ಮೀಸಿ ಬಂದಾವು, ನಾಚಿಗಿ ಬರಲಿಲ್ಲೇನು?”

ಕೊನೆಗೆ ಆ ತಾಯಿ, “ಸುಮ್ನ ಹೊಂಟಾಕಿನ್ನ ಕರದು ಕುಂದರಿಸಿದ್ರಿ” ಎಂದು ವಿರೂಪಾಕ್ಷಿಯನ್ನೇ ಬೈಯುತ್ತ ಕೆಂಪು ಸೈಕಲ್ ಕೊಂಡು ಹೋದಳು. ಆ ಅಳತೆಯಲ್ಲಿ ಉಳಿದದ್ದು ಒಂದೇ. ಹಸಿರು ಬಣ್ಣದ್ದು, ಹಿಂದಕ್ಕೆ ಉದ್ದನೆಯ ಹಿಡಿಕೆ ಇದ್ದದ್ದು.

“ಹಿಡಿಕಿ ಬ್ಯಾಡಾಗಿತ್ತು. ಅಕಿ ತುಳಕೊಂತ ನನ್ನ ಕಡಿಗೆ ಬರಬೇಕ್ರಿ.”

ಜಯತೀರ್ಥರು ಕನ್ನಡಕ ಒರೆಸಿಕೊಂಡರು. “ಕಾಲಿಗೆ ಬಲ ಬರೂತನಕ ಹಿಂದಿಂದ ಯಾರಾದ್ರೂ ದಬ್ಬಬೇಕಲ್ರಿ. ಕೂತ ಕೂಸಿಗೆ ತಾನೇ ಹೊಡೀಲಿಕ್ಹತ್ತೀನಿ ಅನಸ್ತದ. ದಬ್ಬೋರು ಕಾಣೂದೇ ಇಲ್ಲ. ಅದೇ ಇದರ ಚಂದ.”

ಅದೇ ಇದರ ಕುಂದು ಎಂದುಕೊಂಡ ವಿರೂಪಾಕ್ಷಿ. ಆದರೆ ಹೊತ್ತು ಏರುತ್ತಿತ್ತು. ಒಂದು ಕೈಯಲ್ಲಿ ಹಸಿರು ಸೈಕಲ್ಲು, ಇನ್ನೊಂದು ಕೈಯಲ್ಲಿ ಯಾರಿಗೂ ಬೇಡವಾದ ಲಟ್ಟಣಿಗೆ ಹಿಡಿದು ಸಿರುಗುಪ್ಪದ ಬಸ್ಸು ಹತ್ತಿದ.

ಬಸ್ಸಿನಲ್ಲಿ ಕಾಲಿಡಲು ಜಾಗವಿರಲಿಲ್ಲ. ಕಂಡಕ್ಟರು ಸೈಕಲ್ಲನ್ನೂ ಲಟ್ಟಣಿಗೆಯನ್ನೂ ನೋಡಿ, “ಹೆಂಡ್ತಿ ಹೊರಗ ಹಾಕ್ಯಾಳೇನ್ರಿ?” ಎಂದ. ಬಸ್ಸೆಲ್ಲ ನಕ್ಕಿತು. ಮೋಕಕ್ಕೆ ಹೊರಟಿದ್ದ ದುರುಗಮ್ಮ ಎಂಬ ಮುದುಕಿ ತನ್ನ ಬದನೆಕಾಯಿ ಚೀಲವನ್ನು ಸೈಕಲ್ಲಿನ ಹಿಡಿಕೆಗೆ ತೂಗುಹಾಕಿ, ಅವನ ಕತೆಯನ್ನೆಲ್ಲ ಕೇಳಿಕೊಂಡಳು.

“ಎಳಿ ಕರಾ ಇದ್ದಂಗಪಾ ಕೂಸು,” ಎಂದಳು. “ಬಾ ಬಾ ಅಂತ ಎದುರಿಗೆ ನಿಂತ್ರ ಹಿಂದಕ ಜಗ್ತೈತಿ. ನೀನು ಹಿಂದ ಇರು. ಮೊದಲು ನಿನ್ನ ಕೈ ಗುರುತು ಹಿಡೀಲಿ, ಆಮ್ಯಾಲ ದನಿ, ಆಮ್ಯಾಲ ಮಾರಿ. ಅವಸರ ಮಾಡಬ್ಯಾಡ.”

ಮೋಕ ಬಂತು. ದುರುಗಮ್ಮ ಚೀಲ ತೆಗೆದುಕೊಂಡು, ಎರಡು ಬದನೆಕಾಯಿಯನ್ನು ಸೈಕಲ್ಲಿನ ಸೀಟಿನ ಮೇಲೆ ಬಿಟ್ಟು ಇಳಿದುಹೋದಳು. ಬೇಡವೆನ್ನಿಸಿದ್ದ ಹಿಡಿಕೆಯನ್ನು ವಿರೂಪಾಕ್ಷಿ ಮೊದಲ ಸಲ ಪ್ರೀತಿಯಿಂದ ಮುಟ್ಟಿ ನೋಡಿದ.

ಸಿರುಗುಪ್ಪದ ಮನೆ ಮುಟ್ಟಿದಾಗ ಇನ್ನೂ ಬಿಸಿಲಿತ್ತು. ಕಟ್ಟೆಯ ಮೇಲೆ ಬಿಳಿ ಟೋಪಿಯ ಮುದುಕರೊಬ್ಬರು ಚಹಾ ಕುಡಿಯುತ್ತ ಕೂತಿದ್ದರು. “ಬಾ ತಮ್ಮಾ, ನಿನ್ನ ದಾರಿನ ಕಾಯಾಕತ್ತಿದ್ವಿ” ಎಂದರು. ಯಾರೋ ನೆಂಟರೆಂದು ವಿರೂಪಾಕ್ಷಿ ನಮಸ್ಕರಿಸಿದ. ಲಟ್ಟಣಿಗೆಯನ್ನೂ ಬದನೆಕಾಯಿಗಳನ್ನೂ ಕೊಟ್ರಬಸಮ್ಮನ ಕೈಗೆ ಕೊಟ್ಟು, ಲಚ್ಚಿ ಹೊರಗೆ ಬರುವುದರೊಳಗೆ ಕಂಬದ ಹಿಂದೆ ಅಡಗಿದ.

ಎದುರು ಮನೆಯ ಪಕ್ಕೀರಪ್ಪ ಸುಮ್ಮನಿರಲಾರದ ಮನುಷ್ಯ. “ಗಾಡಿ ಅಂದ್ಮ್ಯಾಲ ಪೂಜಿ ಆಗಬೇಕು!” ಎಂದು ತಾನೇ ಅರಿಸಿನ ಕುಂಕುಮ ತರಿಸಿ, ಮೂರು ಗಾಲಿಗೂ ಒಂದೊಂದು ನಿಂಬೆಹಣ್ಣು ಇಟ್ಟ. ಮೀನಾಕ್ಷಿ ಮಗಳನ್ನು ತಂದು ಸೀಟಿನ ಮೇಲೆ ಕೂರಿಸಿದಳು. ವಿರೂಪಾಕ್ಷಿ ಕಳ್ಳ ಹೆಜ್ಜೆಯಲ್ಲಿ ಹಿಂದಿನಿಂದ ಬಂದು ಹಿಡಿಕೆ ಹಿಡಿದು ದಬ್ಬಿದ. ನಿಂಬೆಹಣ್ಣು ಪಚ್ಚೆಂದವು. ಲಚ್ಚಿ ಕಿಲಕಿಲನೆ ನಕ್ಕಳು.

ಆ ನಗುವನ್ನು ಇಷ್ಟು ಹತ್ತಿರದಿಂದ ಅವನು ಎಂದೂ ಕೇಳಿರಲಿಲ್ಲ.

ಓಣಿಯ ತುದಿಗೆ ಹೋಗಿ ಬಂದರು. ಮತ್ತೆ ಹೋದರು. ದುರುಗಮ್ಮ ಹೇಳಿದಂತೆ ಅವಸರ ಮಾಡಲಿಲ್ಲ. ಮೊದಲು ಹಿಂದಿನಿಂದ ಕೈ ಚಾಚಿ ಗಂಟೆ ಬಾರಿಸಿದ. ಲಚ್ಚಿ ಆ ಕೈಯನ್ನು ನೋಡಿ, ಅದರ ಮೇಲೆ ತನ್ನ ಕೈ ಇಟ್ಟು ತಾನೂ ಬಾರಿಸಿದಳು. ಆಮೇಲೆ ಮೆಲ್ಲಗೆ, “ಡುರ್ರ್ ಹೋಗೋಣೇನವ್ವಾ?” ಎಂದ. “ಡುರ್ರ್” ಎಂದಳು. ಕೊನೆಗೆ ಸೈಕಲ್ ನಿಲ್ಲಿಸಿ, ಮುಂದೆ ಬಂದು ಕುಕ್ಕರಗಾಲಲ್ಲಿ ಕೂತ.

ಲಚ್ಚಿಯ ಎರಡೂ ಕೈ ಮೇಲೆದ್ದವು. ಓಣಿಯೇ ಉಸಿರು ಹಿಡಿಯಿತು. ಕೈಗಳು ಅರ್ಧಕ್ಕೆ ನಿಂತವು, ಏನೋ ಯೋಚಿಸಿದವು, ಇಳಿದು ಅವನ ಮೀಸೆ ಹಿಡಿದು ಎಳೆದವು.

“ಮಾಮ,” ಎಂದಳು ಲಚ್ಚಿ. “ಡುರ್ರ್.”

ವಿರೂಪಾಕ್ಷಿಯ ಕಣ್ಣು ತುಂಬಿಬಂತು. ಎತ್ತಿಕೊಂಡು ಕಟ್ಟೆಯ ಮೇಲೆ ಕೂತ. ಅವಳು ತಾನಾಗಿಯೇ ಅವನ ತೊಡೆಯ ಮೇಲೆ ಸರಿಯಾಗಿ ಕೂತು, ಅಂಗಿಯ ಗುಂಡಿ ಹಿಡಿದು ತಿರುವತೊಡಗಿದಳು.

“ಆತು!” ಎಂದು ಕೊಟ್ರಬಸಮ್ಮ ಕೈ ತಟ್ಟಿದಳು. “ಅಯ್ಯಣ್ಣಾರ, ಬರ್ರಿ ಬರ್ರಿ. ಕೂಸು ಮಾಮನ ತೊಡಿ ಮ್ಯಾಲ ಕುಂತೈತಿ. ಮುಹೂರ್ತ ಮೀರೋದ್ರೊಳಗ ಮುಗಿಸಿಬಿಡ್ರಿ.”

ಬಿಳಿ ಟೋಪಿಯ ಮುದುಕರು ಚಹಾದ ಲೋಟ ಕೆಳಗಿಟ್ಟು, ಬಗಲಿನ ಚೀಲದಿಂದ ಚಿಕ್ಕ ಡಬ್ಬಿ ತೆಗೆದರು. ಅದರೊಳಗೆ ಎರಡು ಬಂಗಾರದ ತಂತಿ ಮಿನುಗಿದವು. ಅವರು ನೆಂಟರಲ್ಲ, ಕಿವಿ ಚುಚ್ಚುವ ಪತ್ತಾರರು.

“ಅಕ್ಕಾ!” ಎಂದ ವಿರೂಪಾಕ್ಷಿ.

ಮೀನಾಕ್ಷಿ ನೆಲ ನೋಡಿದಳು. “ಮೊದಲ ಹೇಳಿದ್ರ ನೀನು ಬರ್ತಿದ್ದಿಲ್ಲ. ನಿನ್ನ ತೊಡಿ ಬಿಟ್ಟು ಬ್ಯಾರೆ ಕಡೆ ಕುಂದರಿಸಂಗಿಲ್ಲ, ಅಕಿ ನೋಡಿದ್ರ ನಿನ್ನ ಹತ್ರ ಬರಂಗಿಲ್ಲ. ಅತ್ತೀನ ಅಂದ್ರು, ಸೈಕಲ್ ತರಿಸು, ತಾನ ಬಂದು ಕುಂದರ್ತಾಳ ಅಂತ.”

“ಇವತ್ತೊಂದು ದಿನ ಬಿಡ್ರಿ ಅತ್ತಿ. ಈಗ ಮಾಮ ಅಂದಾಳ ನೋಡ್ರಿ, ಈಗ…”

“ಮಾಮ ಅಂದದ್ದಕ್ಕ ಚುಚ್ಚಸಾಕತ್ತೀವಿ. ಗಟ್ಟಿಯಾಗಿ ಹಿಡಿ.”

ಎದ್ದು ಓಡಿಬಿಡಲೇ ಅನ್ನಿಸಿತು. ಆದರೆ ಲಚ್ಚಿ ಗುಂಡಿ ಬಿಟ್ಟಿರಲಿಲ್ಲ. ನಂಬಿ ಕೂತವಳನ್ನು ಬೇರೆಯವರ ಕೈಗೆ ಕೊಟ್ಟು ಹೋಗಲು ಅವನಿಗೆ ಮನಸ್ಸಾಗಲಿಲ್ಲ. ಹಿಡಿದುಕೊಂಡ. ಅಯ್ಯಣ್ಣ ಪಕ್ಕದಿಂದ ಬಂದರು, ಎರಡು ಸಲ ಕೈ ಆಡಿಸಿದರು, ಹಿಂದಿನಿಂದಲೇ ಸರಿದುಹೋದರು. ಅವರ ಮುಖವನ್ನೂ ಮಗು ನೋಡಲಿಲ್ಲ.

ಕಿರುಚುತ್ತಿದ್ದ ಲಚ್ಚಿಯನ್ನು ಮೀನಾಕ್ಷಿ ಎತ್ತಿಕೊಂಡಳು. ಅವ್ವನಿಗೆ ಸುಮ್ಮನಾಗಲಿಲ್ಲ, ಬೆಲ್ಲಕ್ಕೆ ಸುಮ್ಮನಾಗಲಿಲ್ಲ. “ಅಳಬ್ಯಾಡವ್ವಾ” ಎಂದು ವಿರೂಪಾಕ್ಷಿ ಮುಂದೆ ಬಂದ. ಲಚ್ಚಿಯ ಎರಡೂ ಕೈ ಮೇಲೆದ್ದವು. ತಲೆಗೆ ಹೋಗಲಿಲ್ಲ. ಎರಡೂ ಕಿವಿಗಳಿಗೆ ಅಡ್ಡವಾಗಿ ನಿಂತವು.

ಅವನು ಹಿಂದೆ ಸರಿದ. ಅಕ್ಕನಿಗೆ ಸನ್ನೆ ಮಾಡಿದ. ಅವಳು ಮಗಳನ್ನು ಸೈಕಲ್ಲಿನ ಮೇಲೆ ಕೂರಿಸಿದಳು. ವಿರೂಪಾಕ್ಷಿ ಕಂಬದ ಮರೆಯಿಂದ ಬಂದು, ಬಗ್ಗಿ, ಹಿಡಿಕೆ ಹಿಡಿದ.

ಮೊದಲ ಸುತ್ತಿಗೆ ಅಳು ಬಿಕ್ಕಾಯಿತು. ಎರಡನೆಯದಕ್ಕೆ ಬಿಕ್ಕು ನಿಂತಿತು. ಮುಂದಿನದಕ್ಕೆ, ಕಣ್ಣೀರು ಇನ್ನೂ ಕೆನ್ನೆಯ ಮೇಲಿರುವಾಗಲೇ, ಆ ಕಿಲಕಿಲ ಮತ್ತೆ ಕೇಳಿಸಿತು. ಅವನು ಊರಿಗೆ ಮರಳಬೇಕಾದ ಬಸ್ಸು ಹೊರಡುವ ಹೊತ್ತಾಗಿತ್ತು. ಅವನು ದಬ್ಬುತ್ತಲೇ ಇದ್ದ.

“ಮತ್ತ!” ಎಂದಳು ಲಚ್ಚಿ, ಮುಂದೆ ನೋಡುತ್ತ.

‘ಆತವ್ವಾ’ ಎಂಬ ಮಾತು ಅವನ ನಾಲಿಗೆಯವರೆಗೆ ಬಂತು. ದನಿಯ ಗುರುತು ಹಿಡಿದಾಳೆಂದು ನುಂಗಿಕೊಂಡ.

ಎದುರು ಕಟ್ಟೆಯಿಂದ ಪಕ್ಕೀರಪ್ಪ ಕೂಗಿದ: “ಏ ಲಚ್ಚಿ, ಸೈಕಲ್ ದಬ್ಬಾಕತ್ತಿದ್ದು ಯಾರು ಹೇಳು ನೋಡೋಣು?”

ವಿರೂಪಾಕ್ಷಿ ಗಾಬರಿಯಾಗಿ ತುಟಿಯ ಮೇಲೆ ಬೆರಳಿಟ್ಟು ಬೇಡಿಕೊಂಡ. ಬೇಕಾಗಿರಲಿಲ್ಲ. ಲಚ್ಚಿ ಹಿಂತಿರುಗಿ ನೋಡಲೇ ಇಲ್ಲ.

“ಯಾಲೂ ಇಲ್ಲ,” ಎಂದಳು ಗಂಟೆ ಬಾರಿಸುತ್ತ. “ನಾನೇ.”

ಹೌದೆಂಬಂತೆ ತಲೆಯಾಡಿಸಿ, ವಿರೂಪಾಕ್ಷಿ ಇನ್ನಷ್ಟು ಬಗ್ಗಿ ದಬ್ಬಿದ.