ಎಂಡ ಬೇಡ ಎಂದ ಡಾಕ್ಟರು

ಎರಡನೇ ಮಹಾಯುದ್ಧಕ್ಕೆ ಮುಂಚೆ ನಾನು ಆದೋನಿಯ ಒಂದು ಸಣ್ಣ ಆಸ್ಪತ್ರೆಯಲ್ಲಿ ಕಾಂಪೌಂಡರ್ ಆಗಿದ್ದೆ. ಬೇಸಿಗೆ ಬಂತೆಂದರೆ ಮುಖ, ಕತ್ತು ಸುಟ್ಟುಕೊಂಡವರ ಸಾಲು. ಬಿಸಿಲಿನಿಂದ ಮೈ ಕಾಪಾಡಿಕೊಳ್ಳಿ ಎಂದು ಹೇಳಿ ಹೇಳಿ ಸಾಕಾಗುತ್ತಿತ್ತು. ನಾವು ಹೇಳುವುದು ಒಂದು, ಅವರು ಮಾಡುವುದು ಇನ್ನೊಂದು. ಇದು ತಪ್ಪಿದ ವರ್ಷವೇ ಇಲ್ಲ.

೧. ಗುಲಾಬಿ ಮದ್ದು

ಹೊಲದ ಕೆಲಸದ ಹೆಂಗಸೊಬ್ಬಳಿಗೆ ಸುಟ್ಟ ಮುಖಕ್ಕೆ ಹಚ್ಚಲು ಗುಲಾಬಿ ಬಣ್ಣದ ಮದ್ದು ಕೊಟ್ಟೆ. ಮೂರನೇ ದಿನ ಸೀಸೆ ವಾಪಸ್ ತಂದಳು.

"ಯಾಕವ್ವ, ಹಚ್ಚಿಲ್ಲೇನು?"

"ಒಂದ್ಸಲ ಹಚ್ಚೀನ್ರಿ. ಎತ್ತು ಬೆದರಿ ಓಡಿ ಹೋದ್ವು. ಸುಟ್ಟ ಮುಖಾನ ಅವಕ್ಕ ರೂಢಿ ಐತ್ರಿ."

೨. ಹೊಸ ಕೊಡೆ

ಪೆದ್ದಹರಿವಾಣಂನ ಶಾನುಭೋಗರ ಬೋಳು ನೆತ್ತಿ ಸುಟ್ಟು ಸಿಪ್ಪೆ ಏಳುತ್ತಿತ್ತು. ಕೊಡೆ ಕೊಳ್ಳಿ ಎಂದೆ. ಕೊಂಡರು. ಮುಂದಿನ ವಾರ ನಡುಮಧ್ಯಾಹ್ನ ಬೆವರು ಸುರಿಸುತ್ತ ಬಂದರು. ನೆತ್ತಿ ಮೊದಲಿಗಿಂತ ಕೆಂಪು. ಪಂಚೆಯಲ್ಲಿ ಸುತ್ತಿದ ಕೊಡೆ ಕಂಕುಳಲ್ಲಿತ್ತು.

"ಬಿಚ್ಚಬಾರದೇನ್ರಿ ಸ್ವಾಮಿ?"

"ಬಿಸಿಲಿಗೆ ಬಿಚ್ಚಿದ್ರ ಬಟ್ಟಿ ಬಣ್ಣ ಹೋಗ್ತದಲ್ಲಪಾ!"

ಹಣೆ ಚಚ್ಚಿಕೊಳ್ಳಬೇಕೆನಿಸಿತು. ಅಷ್ಟು ತ್ರಾಣವಿರಲಿಲ್ಲ.

೩. ಎಂಡ

ಹೊಸದಾಗಿ ಬಂದ ಡಾಕ್ಟರು ಸಮುದ್ರದ ಕಡೆಯ ತೆಲುಗರು. ಕನ್ನಡದಲ್ಲೇ ಮಾತಾಡುವ ಹಟ ಬೇರೆ. ನಾಗಲದಿನ್ನೆಯ ಕುರಿಗಾರನೊಬ್ಬ ಬೆನ್ನಿಗೆ ಬೊಬ್ಬೆ ಎದ್ದು ಹೆಂಡತಿಯೊಡನೆ ಬಂದಾಗ, "ಎಂಡ ಬೇಡ! ಎಂಡದಿಂದಲೇ ಇದೆಲ್ಲ!" ಎಂದು ಗದರಿಸಿ ಕಳಿಸಿದರು. ತೆಲುಗಿನಲ್ಲಿ ಎಂಡ ಎಂದರೆ ಬಿಸಿಲು. ಕುರಿಗಾರನ ಕಿವಿಗೆ ಬಿದ್ದದ್ದು ಹೆಂಡ.

ಹದಿನೈದು ದಿನ ಬಿಟ್ಟು ಮತ್ತೆ ಬಂದ. ಬೆನ್ನು ಇನ್ನೂ ಕೆಟ್ಟಿತ್ತು. "ಒಂದು ತೊಟ್ಟು ಮುಟ್ಟಿಲ್ರಿ, ಆದ್ರೂ ಉರೀತೈತಿ" ಎಂದ. ನಾನು ಬಾಯಿ ತೆರೆಯುವಷ್ಟರಲ್ಲಿ ಅವನ ಹೆಂಡತಿ ನನ್ನನ್ನು ಬಾಗಿಲ ಹಿಂದೆ ಕರೆದಳು.

"ನನ್ನ ತವರು ತೆಲುಗರ ಊರು ಅಣ್ಣ. ಡಾಕ್ಟರ್ ಅಂದಿದ್ದು ನನಗ ಅವತ್ತ ತಿಳೀತು. ಹದಿನೈದು ದಿನದಿಂದ ಮನ್ಯಾಗ ಹೊಡೆತ ಇಲ್ಲ, ಬೈಗುಳ ಇಲ್ಲ. ಕೈ ಮುಗೀತೀನಿ, ಹೇಳಬ್ಯಾಡ್ರಿ."

ಕನಿಕರವಾಯಿತು. ಆದರೆ ಅವನ ಬೆನ್ನೂ ಬೇಯುತ್ತಿತ್ತಲ್ಲ. ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಎಂದುಕೊಂಡು ಅವನಿಗೆ ಹೇಳಿದೆ: "ಹೆಂಡ ಬಿಟ್ಟಿದ್ದು ಒಳ್ಳೇದಾತು. ಇನ್ನ ಬಿಸಿಲೂ ಬಿಡು. ಮಧ್ಯಾಹ್ನ ನೆರಳಾಗ ಕುಂದ್ರು."

ಅವನು ಯೋಚಿಸಿದ. ಮುಖ ಅರಳಿತು.

"ನಾ ಕುರಿ ಮೇಸೋ ಕಡಿ ನೆರಳು ಅಂದ್ರ ಒಂದ ಐತ್ರಿ. ಹೆಂಡದಂಗಡಿ ಚಪ್ಪರ."

ಹೆಂಡತಿ ಓಡಿ ಬಂದು ನನಗೂ ಅವನಿಗೂ ನಡುವೆ ನಿಂತಳು.

"ಬ್ಯಾಡ್ರೀ ಅಣ್ಣ! ಬೆನ್ನು ಸುಟ್ಟರ ಸುಡ್ಲಿ, ಅಂವ ಬಿಸಿಲಾಗ ಇರ್ಲಿ ಬಿಡ್ರಿ!"