ಹದಿನಾರು ಪುಟದ ಸಾಧನೆ

ಶಾಸಕರು ಬಾಯಿತಪ್ಪಿ ‘ಹದಿನಾರು ಪುಟ’ ಎಂದದ್ದೇ ಎಲ್ಲ ಅನಾಹುತಕ್ಕೂ ಮೂಲ. ಅವರ ಈ ವರ್ಷದ ಸಾಧನೆಗೆ ಅಸಲಿಗೆ ಒಂದು ಅಂಚೆ ಕಾರ್ಡು ಸಾಕಾಗಿತ್ತು. ಅದರಲ್ಲೂ ಮನೆಮಂದಿಯ ಯೋಗಕ್ಷೇಮ ವಿಚಾರಿಸುವಷ್ಟು ಜಾಗ ಉಳಿಯುತ್ತಿತ್ತು.

“ಸಂಜೆ ಐದಕ್ಕೆ ಸಮಾರಂಭ. ನಾನು ತಂದ ಕಾನೂನೆಲ್ಲಾ ಪುಸ್ತಕದಲ್ಲಿರ್ಬೇಕು. ಚೆನ್ನಾಗಿ ಬಂದ್ರೆ ನಿಮ್ಮ ಖಾಯಂ ಆದೇಶಕ್ಕೆ ವೇದಿಕೆ ಮೇಲೇ ಸಹಿ ಹಾಕ್ತೀನಿ. ಬರ್ಲಿಲ್ಲಾಂದ್ರೆ ನಾಳೆಯಿಂದ ನೀವೂ ಬರ್ಬೇಡಿ,” ಎಂದು ಬೆಳಿಗ್ಗೆ ಒಂಬತ್ತಕ್ಕೆ ಅಪ್ಪಣೆ ಕೊಟ್ಟು ಅವರು ಕಾರು ಹತ್ತಿದರು.

ಅಪ್ಪಣೆ ಕೇಳಿದ ಸಹಾಯಕ ಕಾರಿನ ಹಿಂದೆ ನಾಲ್ಕು ಹೆಜ್ಜೆ ಓಡಿ ನಿಂತ. ಹನ್ನೊಂದು ವರ್ಷದಿಂದ ಅವನು ಈ ಕಚೇರಿಯಲ್ಲಿ ತಾತ್ಕಾಲಿಕ. ಎಲ್ಲರೂ ಅವನನ್ನು ಕರೆಯುತ್ತಿದ್ದದ್ದೇ ‘ಟೆಂಪರರಿ’ ಎಂದು. ಆ ಹೆಸರು ಮನೆಗೂ ತಲುಪಿತ್ತು. “ಟೆಂಪರರಿ ಬಂದ್ರೇನೇ?” ಎಂದು ಅತ್ತೆಯವರು ಮಗಳನ್ನು ಕೇಳಿದ್ದು ಅವನ ಕಿವಿಗೇ ಬಿದ್ದಿತ್ತು. ಅಂದು ಅವನಿಗೆ ಊಟ ಸೇರಿರಲಿಲ್ಲ.

ಫೈಲು ಬಿಚ್ಚಿದ. ವರ್ಷದಲ್ಲಿ ತಂದದ್ದು ನಾಲ್ಕು ಕಾನೂನು, ನಾಲ್ಕೂ ಕೋರ್ಟು ಹತ್ತಿದ್ದವು. ಏನಾದರಾಗಲಿ ಎಂದು ಎಲ್ಲವನ್ನೂ ವರ್ಣಿಸಿ ಬರೆದು ಮುಗಿಸುವ ಹೊತ್ತಿಗೆ ಶಾಸಕರ ವಕೀಲರು ಕೆಂಪು ಪೆನ್ನು ಹಿಡಿದು ಬಂದು ಎದುರಿಗೆ ಕೂತರು.

“ರಾತ್ರಿ ಹತ್ತರ ಮೇಲೆ ನಾಯಿ ಬೊಗಳಬಾರ್ದು ಅನ್ನೋ ಕಾನೂನು... ಇದು ಬಿದ್ದೋಯ್ತಲ್ರೀ. ನೋಟಿಸು ಯಾರ ಕೈಗೆ ಕೊಡ್ತೀರಿ ಅಂತ ಜಡ್ಜು ಕೇಳಿದ್ರು, ನನ್ನ ಹತ್ರ ಉತ್ತರ ಇರ್ಲಿಲ್ಲ.” ಒಂದು ಪುಟ ಹೋಯಿತು.

“ಲಿಫ್ಟಲ್ಲಿ ಕುರ್ಚಿ ಕಡ್ಡಾಯ. ಇದಕ್ಕೆ ತಡೆಯಾಜ್ಞೆ ಇದೆ. ಕೋರ್ಟ್ ಮುಂದಿರೋದ್ನ ಹೊಗಳೋ ಹಾಗಿಲ್ಲ.” ಮೂರು ಪುಟ ಹೋದವು.

ಕಟಿಂಗ್ ಶಾಪಿನಲ್ಲಿ ರಾಜಕೀಯ ಮಾತಾಡಕೂಡದು ಎಂಬ ಮೂರನೆಯ ಕಾನೂನಿಗೂ ಅಂಗಡಿಯವರ ಸಂಘ ತಡೆ ತಂದಿತ್ತು. ಅಂದಿನಿಂದ ಊರಿನ ಯಾವ ಅಂಗಡಿಯವರೂ ಶಾಸಕರ ತಲೆ ಮುಟ್ಟುತ್ತಿರಲಿಲ್ಲ. ಡ್ರೈವರನೇ ಕತ್ತರಿ ಹಿಡಿಯುತ್ತಿದ್ದ. ನಾಲ್ಕನೆಯದರ ತೀರ್ಪು ಇನ್ನೂ ಬರಬೇಕಿತ್ತು.

“ಹಾಗಾದ್ರೆ ಏನು ಬರೀಲಿ ಸಾರ್?” ಎಂದ ಟೆಂಪರರಿ ಅಳುದನಿಯಲ್ಲಿ.

“ಮುನ್ನುಡಿ ಬರೀರಿ,” ಎಂದು ವಕೀಲರು ಕೋರ್ಟಿಗೆ ಹೊರಟರು.

ಶಾಸಕರನ್ನು ಬಿಟ್ಟು ಬಂದಿದ್ದ ಡ್ರೈವರ್ ಭುಜದ ಮೇಲಿಂದ ಇಣುಕಿದ. “ಬಿದ್ದೋಯ್ತು ಅಂತ ಯಾಕ್ ಬರೀತೀರಾ? ನ್ಯಾಯಾಲಯದ ಗಮನ ಸೆಳೆದ ಕಾನೂನು ಅನ್ನಿ.” ಅಷ್ಟರಲ್ಲಿ ಶಾಸಕರ ಭಾವಮೈದ ಫೋಟೋಗಳ ಕಟ್ಟು ಹಿಡಿದು ಬಂದ. “ಎಲ್ಲಾ ಪುಟದಲ್ಲೂ ನಂದೊಂದು ಇರ್ಲಿ. ಭಾವನ ಸಾಧನೆಗೆ ಬೆನ್ನೆಲುಬು ನಾನೇ ಅಲ್ವಾ?” ಪ್ರೆಸ್ಸಿನವರು ಬೇರೆ ಅರ್ಧ ಗಂಟೆಗೊಮ್ಮೆ ಫೋನು ಮಾಡುತ್ತಿದ್ದರು: “ಮೆಷಿನ್ ಖಾಲಿ ನಿಂತಿದೆ. ಎರಡಕ್ಕೆ ಕೊಡದಿದ್ರೆ ಮದುವೆ ಪತ್ರ ಹಾಕ್ಕೊಂಡ್ಬಿಡ್ತೀನಿ.”

ಒಂದೂವರೆಗೆ ಟೆಂಪರರಿಯ ಕೈಯಲ್ಲಿದ್ದದ್ದು ಒಂದು ಮುನ್ನುಡಿ, ಭಾವಮೈದನ ಹದಿನಾಲ್ಕು ಭಂಗಿ. ತಲೆ ಮೇಲೆ ಕೈಹೊತ್ತು ಕೂತ. ಹನ್ನೊಂದು ವರ್ಷ ನೀರಿನಲ್ಲಿ ಹೋಮವಾಯಿತು, ಇನ್ನು ಅತ್ತೆಯವರ ಮುಂದೆ ಹೇಗೆ ನಿಲ್ಲಲಿ ಎಂದು ನಿಜವಾಗಿಯೂ ಕಣ್ಣು ತುಂಬಿ ಬಂತು.

ಆಗಲೇ ವಕೀಲರ ಫೋನು. “ಗೆದ್ವಿ ಕಣ್ರೀ! ನಾಲ್ಕನೇದು! ಮುದ್ರಣ ಶಿಸ್ತಿನ ಕಾನೂನು! ಕೋರ್ಟ್ ಎತ್ತಿ ಹಿಡೀತು, ಇವತ್ತಿಂದ್ಲೇ ಜಾರಿ!”

ಪಕ್ಕದ ಕ್ಷೇತ್ರದ ಶಾಸಕರ ಹುರುಪು ಇಳಿಸಲು ಸದನದ ಕೊನೆಯ ದಿನ ಗಡಿಬಿಡಿಯಲ್ಲಿ ತಂದ ಕಾನೂನದು. ಆ ಪಕ್ಕದ ಶಾಸಕರೇ ಅದರ ವಿರುದ್ಧ ಕೋರ್ಟಿಗೆ ಹೋಗಿದ್ದರು. ಅದರ ಒಳಗೇನಿದೆ ಎಂದು ತಿರುವಿ ನೋಡಲು ಈಗ ಯಾರಿಗೂ ಪುರಸೊತ್ತಿರಲಿಲ್ಲ. ‘ನ್ಯಾಯಾಲಯವೇ ಎತ್ತಿ ಹಿಡಿದ ಕಾನೂನು’ ಎಂಬ ಒಂದೇ ವಾಕ್ಯವನ್ನು ಪುಟಕ್ಕೊಂದು ಪದದಂತೆ ಹಿಗ್ಗಿಸಿ, ನಡುನಡುವೆ ಭಾವಮೈದನನ್ನು ತುರುಕಿ, ಹದಿನಾರು ಪುಟ ತುಂಬಿಸಿ ಅಚ್ಚಿಗೆ ಕಳಿಸಿದರು.

ಸಂಜೆ ಸಭಾಂಗಣ ತುಂಬಿತ್ತು. ಪುಸ್ತಕ ನೋಡಿ ಶಾಸಕರು ಉಬ್ಬಿಹೋದರು. ಕೊಟ್ಟ ಮಾತಿನಂತೆ ವೇದಿಕೆಯ ಮೇಲೇ ಆದೇಶಕ್ಕೆ ಸಹಿ ಹಾಕಿದರು. ಹಿಂದಿನ ಸಾಲಿನಲ್ಲಿ ಟೆಂಪರರಿಯ ಹೆಂಡತಿ ಕಣ್ಣೊರೆಸಿಕೊಂಡಳು. ಅತ್ತೆಯವರು ಪಕ್ಕದವರಿಗೆ, “ನಮ್ಮ ಅಳಿಯಂದ್ರು” ಎಂದರು. ಅವನ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಆಳುಗಳನ್ನು ಪಕ್ಕಕ್ಕೆ ಸರಿಸಿ ಪುಸ್ತಕಗಳನ್ನು ತಾನೇ ಎಲ್ಲರ ಕೈಗೂ ಹಂಚಿದ, ಮೊದಲ ಸಾಲಿನಲ್ಲಿ ಕೂತಿದ್ದ ಪಕ್ಕದ ಕ್ಷೇತ್ರದ ಶಾಸಕರಿಗೂ ಬಗ್ಗಿ ಕೊಟ್ಟ.

ಅವರು ಪುಟ ತಿರುವಿ ನಿಧಾನವಾಗಿ ಎದ್ದು ನಿಂತರು. “ಇದು ಸರ್ಕಾರಿ ಖರ್ಚಿನ ಪುಸ್ತಕ ತಾನೇ? ಹಾಗಾದ್ರೆ ನೀವು ಗೆದ್ದ ಕಾನೂನಿನ ಮೂರನೇ ಕಲಂ ಓದ್ತೀನಿ, ಕೇಳಿ.” ಜೇಬಿನಿಂದ ತೀರ್ಪಿನ ಪ್ರತಿ ತೆಗೆದರು. “‘ಶಾಸಕರ ಸಾಧನೆಯನ್ನು ಹೊಗಳುವ ಪುಸ್ತಕವನ್ನು ಸರ್ಕಾರಿ ಖರ್ಚಿನಲ್ಲಿ ಹಂಚತಕ್ಕದ್ದಲ್ಲ. ಹಂಚಿದ ನೌಕರನನ್ನು ಆ ಕೂಡಲೇ ವಜಾ ಮಾಡತಕ್ಕದ್ದು.’”

ಎಲ್ಲರ ಕತ್ತೂ ವೇದಿಕೆಯತ್ತ ತಿರುಗಿತು. ಸಹಾಯಕ ಮಾತ್ರ ನಕ್ಕ. “ಸಾರ್, ಆ ಕಾನೂನಿನ ಕರಡು ಬರೆದೋನು ನಾನೇ. ಐದನೇ ಕಲಂ ಓದಿ. ‘ತಾತ್ಕಾಲಿಕ ನೌಕರರಿಗೆ ಇದು ಅನ್ವಯಿಸತಕ್ಕದ್ದಲ್ಲ.’ ನನ್ನ ತಲೆಗೆ ಬರ್ಬಾರ್ದು ಅಂತ್ಲೇ ಸೇರಿಸಿದ್ದು, ಅದಕ್ಕೇ ಧೈರ್ಯವಾಗಿ ಹಂಚಿದೆ.”

ವಕೀಲರು ಗಡಿಯಾರ ನೋಡಿಕೊಂಡರು. “ತಾತ್ಕಾಲಿಕ ಎಲ್ರೀ? ನೀವು ಖಾಯಂ ಆಗಿ ಹತ್ತು ನಿಮಿಷ ಆಯ್ತಲ್ಲ.”

ಶಾಸಕರು ಒಂದು ಕ್ಷಣವೂ ತಡಮಾಡಲಿಲ್ಲ. ಮೈಕು ಎಳೆದುಕೊಂಡು, “ನನ್ನ ಕಾನೂನು ಮೊದಲು ಜಾರಿಯಾಗ್ತಿರೋದು ನನ್ನ ಕಚೇರಿಯಲ್ಲೇ!” ಎಂದು ಘೋಷಿಸಿ, ಅದೇ ಪೆನ್ನಿನಿಂದ ಇನ್ನೊಂದು ಸಹಿ ಹಾಕಿದರು. ಚಪ್ಪಾಳೆ ಸಭಾಂಗಣವನ್ನು ನಡುಗಿಸಿತು.

ಅವನು ಎರಡು ಆದೇಶಗಳನ್ನೂ ಎರಡು ಕೈಯಲ್ಲಿ ಹಿಡಿದು ವಕೀಲರ ಬಳಿ ಹೋದ. “ಸಾರ್, ಈ ವಜಾ ಆದ್ರೂ ಟೆಂಪರರಿ ತಾನೇ?”

“ಇಲ್ಲಪ್ಪ,” ಎಂದರು ವಕೀಲರು, “ಇದು ಖಾಯಂ.”