ತಿರುಪತಿಗೊಂದು, ಪಳನಿಗೊಂದು

ಮನುಷ್ಯನಿಗೆ ಊರಿನ ಹೆಸರಿಟ್ಟರೆ ಏನೂ ಆಗುವುದಿಲ್ಲ. ಅಂಥವನನ್ನು ರೈಲ್ವೆ ಸ್ಟೇಷನ್ನಿನಲ್ಲಿ ಕೆಲಸಕ್ಕೆ ಬಿಟ್ಟರೆ ಮಾತ್ರ ಆಗಾಗ ಏನಾದರೂ ಆಗುತ್ತಿರುತ್ತದೆ. ಎಪ್ಪತ್ತರ ದಶಕದಲ್ಲಿ ನಾನು ಬಂಗಾರಪೇಟೆ ಪ್ಲಾಟ್‌ಫಾರಮ್ಮಿನಲ್ಲಿ ಟೀ ಮಾರುತ್ತಿದ್ದೆ. ಪಕ್ಕದಲ್ಲೇ ಕೂರುತ್ತಿದ್ದ ಕೂಲಿಯ ಹೆಸರು ತಿರುಪತಿ.

೧. ಹರಕೆ

ಗಂಡು ಮಗುವಾದರೆ ತಿರುಪತಿಗೆ ಬರುತ್ತೇನೆಂದು ಅವನ ತಾಯಿ ಹರಕೆ ಹೊತ್ತಿದ್ದಳು. ಮಗು ಆಯಿತು, ಹೋಗುವುದು ಆಗಲಿಲ್ಲ. ಆ ಹೆಸರನ್ನು ಮಗುವಿಗೇ ಇಟ್ಟಳು. "ಯಾವಾಗ ಓಗ್ತೀಯಮ್ಮ?" ಎಂದು ಒಮ್ಮೆ ಕೇಳಿದೆ.

"ನಾನ್ಯಾಕಪ್ಪ ಓಗ್ಲಿ? ತಿರುಪತೀನೇ ದಿನಾ ಬಂದು ನನ್ ಕೈಲಿ ಮುದ್ದೆ ತಿಂದು ಓಯ್ತಾನೆ."

೨. ಬೆಟ್ಟ ಕಂಡಿತು

ಚಿನ್ನದ ಗಣಿಗಳ ಕಡೆಗೆ ಹೋಗುವ ಮಾರಿಕುಪ್ಪಂ ರೈಲು ಹೊರಡುವುದರಲ್ಲಿತ್ತು. ಯಾರದೋ ಮೂಟೆ ಏರಿಸಬೇಕಿತ್ತು. "ತಿರುಪತಿ! ತಿರುಪತಿ! ಬೇಗ ಬಾರ್ಲಾ, ರೈಲು ಒಂಟೋಯ್ತು!" ಎಂದು ಕೂಗಿದೆ. ತಿರುಪತಿ ಬರಲಿಲ್ಲ. ಮುಡಿ ಕೊಡಲು ಹೊರಟಿದ್ದ ಒಂದು ಸಂಸಾರ ಓಡಿಬಂದು ಹತ್ತಿಕೊಂಡಿತು.

ಮಧ್ಯಾಹ್ನ ಅವರೆಲ್ಲ ವಾಪಸು ಬಂದರು. ಊರಿಗಾಂ ಹತ್ತಿರ ಚಿನ್ನ ಸೋಸಿ ಬೆಟ್ಟದಂತೆ ಸುರಿದ ಗಣಿಯ ಸೈನೈಡ್ ಮಣ್ಣಿನ ದಿಬ್ಬ ಕಂಡದ್ದೇ ಎದ್ದುನಿಂತು ಗೋವಿಂದಾ ಎಂದರಂತೆ. ಅವರ ಅಜ್ಜಿಗೆ ನನ್ನ ಮೇಲೆ ಸಿಟ್ಟಿರಲಿಲ್ಲ. "ಬೆಟ್ಟ ಸೆಂದಾಗೈತೆ ಕಣಪ್ಪ. ಮೆಟ್ಲೊಂದು ಕಟ್ಟಿಲ್ಲ."

೩. ಕಿಟಕಿ

ತಿರುಪತಿಗೆ ಊರಿಗಾಂ ಹುಡುಗಿಯ ಜೊತೆ ಮದುವೆಯಾಯಿತು. ಭಾಮೈದನ ಹೆಸರು ಪಳನಿ. ಒಂದು ಭಾನುವಾರ ಇಬ್ಬರೂ ಮಾವನ ಮನೆಗೆ ಹೊರಟರು.

"ಸಾಮಿ, ತಿರುಪತಿಗೊಂದು, ಪಳನಿಗೊಂದು," ಎಂದ ತಿರುಪತಿ, ಟಿಕೆಟ್ ಕಿಟಕಿಯ ಹೊಸ ಗುಮಾಸ್ತರಿಗೆ.

"ಎರಡೂ ಬೇರೆ ಬೇರೆ ದಿಕ್ಕಲ್ವೇನಯ್ಯ? ಮೊದಲು ಎಲ್ಲಿಗೆ?"

"ಊರಿಗಾಂಗೆ ಸಾಮಿ."

"ಊರಿಗಾಂಗೂ ಒಂದಾ?"

"ಇಲ್ಲ ಸಾಮಿ, ಊರಿಗಾಂಗೆ ಎಲ್ಡು."

ಗುಮಾಸ್ತರು ಎದ್ದು ನನ್ನಲ್ಲಿಗೆ ಟೀ ಕುಡಿಯಲು ಬಂದರು.

ತಿರುಪತಿಯ ಹೆಂಡತಿ ಆಗ ಬಸುರಿ. ಅವನು ನನಗೆ ಹೇಳಿದ: "ಉಟ್ಟೋ ಮಗೀಗೆ ಊರಿನ ಎಸ್ರು ಬ್ಯಾಡ ಕಣಣ್ಣ. ಕೂಗಿದ್ರೆ ಅದೊಂದೇ ತಿರುಗ್ಬೇಕು. ಯಾರೂ ರೈಲು ಅತ್ಬಾರ್ದು."

೪. ಮೈಕು

ಗಂಡು ಮಗುವಾಯಿತು. ತಿರುಪತಿಯ ತಾಯಿ ಕಾಶಿ ಎಂದಳು, ಮಾವ ಚಿದಂಬರಂ ಎಂದರು. ತಿರುಪತಿ ಎರಡೂ ಬೇಡವೆಂದ. ಜಗಳ ಮುಗಿಯುವಷ್ಟರಲ್ಲಿ, ಹೆರಿಗೆಯಾದ ಜಾಗದ ಹೆಸರಿನಿಂದಲೇ ಎಲ್ಲರೂ ಮಗುವನ್ನು ಚಾಂಪಿಯನ್ ಎಂದು ಕರೆಯತೊಡಗಿದ್ದರು. ಅದೂ ಮಾರಿಕುಪ್ಪಂ ಲೈನಿನ ಒಂದು ಸ್ಟೇಷನ್ನೇ. ತಿರುಪತಿ ತಲೆಯ ಮೇಲೆ ಕೈಹೊತ್ತು ಕೂತ. ಫುಟ್‌ಬಾಲ್ ಹುಚ್ಚಿನ ಮಾವ ಸಮಾಧಾನ ಹೇಳಿದರು: "ಊರು ಬಿಡು ಮಾಪ್ಳೆ, ಅರ್ಥ ನೋಡು. ಎಲ್ಲಾರ್ನೂ ಗೆದ್ದೋನು ಅಂತ."

ಹುಡುಗ ನಮ್ಮ ಸ್ಟೇಷನ್ ಪಕ್ಕದ ಶಾಲೆ ಸೇರಿದ. ಆಟೋಟದ ದಿನ ಓಟದಲ್ಲಿ ಎಲ್ಲರೂ ಮುಗಿಸಿ ನೀರು ಕುಡಿಯುತ್ತಿದ್ದರು, ಇವನು ಇನ್ನೂ ಓಡುತ್ತಿದ್ದ. ಮೇಷ್ಟರು ಹುರಿದುಂಬಿಸಲು ಮೈಕಿನಲ್ಲಿ, "ಕೊನೆಯವನು ಚಾಂಪಿಯನ್! ಬಾ ಚಾಂಪಿಯನ್! ಬೇಗ, ಬೇಗ!" ಎಂದು ಕೂಗಿದರು. ಇಡೀ ಪ್ಲಾಟ್‌ಫಾರಮ್ಮಿಗೆ ಕೇಳಿತು. ಮಾರಿಕುಪ್ಪಂ ರೈಲು ಎದುರಿಗೇ ನಿಂತಿತ್ತು.

ತಿರುಪತಿಗೆ ಬೇಸರವಾಗಿರಬಹುದೆಂದು ಟೀ ಕೊಟ್ಟು, "ಓಗ್ಲಿ ಬಿಡ್ಲಾ, ಮುಂದಿನ್ ವರ್ಷ ಗೆಲ್ತಾನೆ," ಎಂದೆ.

ಅವನು ರೈಲನ್ನೇ ನೋಡುತ್ತಿದ್ದ. ಅದು ಹೊರಟು ಮರೆಯಾದ ಮೇಲೆ, ಮುಖವೆಲ್ಲ ಅರಳಿಸಿಕೊಂಡು ನನ್ನ ಕಡೆ ತಿರುಗಿದ.

"ಅಣ್ಣೋ, ಮೈಕಲ್ಲಿ ಅಷ್ಟು ಕೂಗಿದ್ರೂ ಒಬ್ರೂ ರೈಲು ಅತ್ನಿಲ್ಲ!"